ಕೋಳಿ ಯಾಕೆ ವಾಪಸ್ ಬಂತು

ಮೆಟ್ಟೂರಿನಿಂದ ಧರ್ಮಪುರಿಗೆ ಒಂದು ಬಸ್ಸು, ಧರ್ಮಪುರಿಯಿಂದ ಕಂಬೈನಲ್ಲೂರಿಗೆ ಇನ್ನೊಂದು, ಅಲ್ಲಿಂದ ಹೈಸ್ಕೂಲಿಗೆ ಶೇರ್ ಆಟೋ. ಸಪ್ಪಲಮ್ಮ ಆಟೋದಿಂದ ಇಳಿಯುವ ಹೊತ್ತಿಗೆ ಎಡಗಾಲಿನ ಮಂಡಿ ಬಾತುಕೊಂಡು ಬನ್ನಿನ ಹಾಗಾಗಿತ್ತು. ಬೆಳಗ್ಗೆ ಬೆಳಗ್ಗೇನೇ ಮನುಷ್ಯ ಇಷ್ಟು ಸುಸ್ತಾದರೆ ಸಾಯಂಕಾಲದವರೆಗೆ ಏಗುವುದು ಹೇಗೆ ಹೇಳಿ. ಗಂಡ ತಿಮ್ಮರಾಜು ಡ್ಯಾಮಿನ ಕೆಲಸದಿಂದ ರಿಟೈರಾಗಿ ಮನೆಯಲ್ಲಿ ಕಾಲು ಚಾಚಿ ಪೇಪರ್ ಓದುತ್ತಾನೆ. ಇವಳು ಟಿಫನ್ ಡಬ್ಬಿ, ನೀರಿನ ಬಾಟ್ಲು, ಚಾರ್ಟು ಸುರುಳಿ ಎಲ್ಲ ಹೊತ್ತುಕೊಂಡು ಎರಡು ಜಿಲ್ಲೆ ಅಲೆಯುತ್ತಾಳೆ.

ಅವಳ ಕೆಲಸ ಏನು ಅಂತ ಕೇಳಿದರೆ ಜನ ನಗುತ್ತಾರೆ. ಮಕ್ಕಳಿಗೆ ಓದು ಕಲಿಸುವುದು ಹೇಗೆ ಅಂತ ಮೇಷ್ಟ್ರುಗಳಿಗೆ ಕಲಿಸುವುದು. ಮಕ್ಕಳಿಗೆ ಕಲಿಸಿಬಿಡಬಹುದು ಸ್ವಾಮಿ, ಮೇಷ್ಟ್ರುಗಳಿಗೆ ಕಲಿಸಿ ನೋಡಿ, ಆಗ ಗೊತ್ತಾಗುತ್ತೆ. ಬಂದವರೇ ಹಿಂದಿನ ಬೆಂಚು ಹಿಡಿಯುತ್ತಾರೆ. ಹಾಜರಿ ಹಾಕಿದ ಮೇಲೆ ಫೋನು ತೆಗೆಯುತ್ತಾರೆ. ಟೀ ಬಂದಾಗ ಮಾತ್ರ ಎಲ್ಲರಿಗೂ ಎಚ್ಚರ. ಶಾಲೆಯಲ್ಲಿ ಹುಡುಗರು ಯಾವ ಥರ ಕೂತರೆ ಅವರ ಕಿವಿ ಹಿಂಡುತ್ತಾರೋ, ಅದೇ ಥರ ತಾವು ಕೂರುತ್ತಾರೆ.

ಓದು ಅಂದರೆ ಇಲ್ಲಿ ತಮಿಳು ಓದು. ಸಪ್ಪಲಮ್ಮನ ಮನೆಮಾತು ಕನ್ನಡ, ಸ್ಕೂಲು ತಮಿಳು, ಸಿಟ್ಟು ಬಂದರೆ ಎರಡೂ. ಕನ್ನಡದ ಒಂದಕ್ಷರವೂ ಅವಳಿಗೆ ಬರದು, ಅದನ್ನು ಯಾರೂ ಕಲಿಸಿರಲಿಲ್ಲ. ತಮಿಳನ್ನು ಮಾತ್ರ ಅರೆದು ಕುಡಿದಿದ್ದಳು. ಅವಳೇ ಕಟ್ಟಿದ ಪದ್ಧತಿಯೊಂದು ಈ ಕಡೆಯ ಸ್ಕೂಲುಗಳಲ್ಲೆಲ್ಲ ನಡೆಯುತ್ತಿತ್ತು: ಟೀಚರು ಮೊದಲು ಕಥೆಯನ್ನು ಗಟ್ಟಿಯಾಗಿ ಓದಬೇಕು, ಮಕ್ಕಳು ಸಾಲಿನ ಕೆಳಗೆ ಬೆರಳಿಟ್ಟು ಕೇಳಬೇಕು. ಆಮೇಲೆ ಎಲ್ಲರೂ ಒಟ್ಟಿಗೆ. ಕೊನೆಗೆ ಒಂದು ಮಗು ಎದ್ದು ನಿಂತು ತಾನೇ ಓದಬೇಕು. ಸುಲಭ, ಚೆಂದ, ಯಾವ ಸೋಮಾರಿ ಮೇಷ್ಟ್ರಿಗೂ ಅರ್ಥವಾಗುವಂಥದ್ದು. ವರ್ಷಗಟ್ಟಲೆ ಅದನ್ನೇ ಹೇಳಿ ಹೇಳಿ ಅವಳ ಗಂಟಲು ಸವೆದಿತ್ತು.

ಆವತ್ತು ಮಾತ್ರ ಅವಳಿಗೆ ಒಂದು ಆಸೆ ಇತ್ತು. ಈ ಓದು ಕಲಿಸುವ ಯೋಜನೆಯ ಅಧಿಕಾರಿ ಪೊನ್ನುಸ್ವಾಮಿ ಹಿಂದಿನ ವಾರವೇ ಫೋನು ಮಾಡಿ, "ಮೇಡಂ, ನಿಮ್ಮ ಪಾಠವನ್ನ ವಿಡಿಯೋ ಮಾಡ್ತೀವಿ. ಅದು ಮೇಲಿನವರಿಗೆ ಹಿಡಿಸಿದ್ರೆ ಊರೂರು ಅಲೆಯೋ ಕೆಲಸ ನಿಮಗಿಲ್ಲ. ಮೆಟ್ಟೂರು ಟ್ರೈನಿಂಗ್ ಸೆಂಟರಲ್ಲಿ ಒಂದು ಸೀಟು ಖಾಲಿ ಇದೆ. ಕೂತ್ಕೊಂಡು ವಿಡಿಯೋ ಮಾಡಿ ಕಳಿಸೋದು, ಅಷ್ಟೇ" ಅಂದಿದ್ದರು. ಮೆಟ್ಟೂರು ಸೆಂಟರು! ಮನೆಯಿಂದ ನಡೆದುಕೊಂಡು ಹೋಗುವಷ್ಟು ದೂರ. ಆ ಮಾತು ಕೇಳಿದ ರಾತ್ರಿ ಸಪ್ಪಲಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ಇನ್ನು ಸ್ವಲ್ಪ ದಿನ ತಡಕೋ ಅಂತ ಮಂಡಿಯ ಜೊತೆಯೇ ಮಾತಾಡಿದ್ದಳು. ರಿಟೈರಾಗುವವರೆಗೆ ಉಳಿದ ವರ್ಷಗಳನ್ನು ಬಸ್ಸಿನಲ್ಲಿ ನಿಂತು ಕಳೆಯುವ ತ್ರಾಣ ಅವಳಲ್ಲಿ ಖಂಡಿತ ಇರಲಿಲ್ಲ.

ಸ್ಕೂಲಿನ ಹಾಲ್‌ನಲ್ಲಿ ನಲವತ್ತು ಮೇಷ್ಟ್ರು, ಟೀಚರುಗಳು ಕೂತಿದ್ದರು. ಮುಂದೆ ಒಂಬತ್ತನೇ ಕ್ಲಾಸಿನ ಮಕ್ಕಳು. ಮೂಲೆಯಲ್ಲಿ ಕ್ಯಾಮೆರಾ. ಆ ಸ್ಕೂಲಿನ ತಮಿಳು ಟೀಚರು ಪೂಂಗೊಡಿ, ಚಿಕ್ಕ ವಯಸ್ಸಿನವಳು, ಓಡಿ ಬಂದು ಕಿವಿಯಲ್ಲಿ, "ಮೇಡಂ, ಕೊನೆಗೆ ಓದೋಕೆ ಮೇನಕಾನ ಕರೀರಿ. ನೀಲಿ ರಿಬ್ಬನ್ನಿನವಳು. ನಮ್ಮ ಸ್ಕೂಲಲ್ಲೇ ಫಸ್ಟ್ ಓದುಗಾತಿ. ನಿಮ್ಮ ಪದ್ಧತೀಲೇ ತಯಾರಾದವಳು" ಅಂದಳು. ಅವಳ ಮುಖದಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ ಸಪ್ಪಲಮ್ಮನಿಗೂ ಒಳಗೊಳಗೇ ಖುಷಿಯಾಯಿತು. ಇಷ್ಟು ದುಡಿದಿದ್ದಕ್ಕೆ ಎಲ್ಲೋ ಒಂದು ಕಡೆ ಬೆಳೆ ಬಂದಿದೆಯಲ್ಲ ಅಂದುಕೊಂಡಳು.

ಕಥೆ ಹೊಸದು. ಯಾರೂ ಮೊದಲು ನೋಡಿರಬಾರದು ಅಂತ ಸಪ್ಪಲಮ್ಮನೇ ಬರೆದು ಜೆರಾಕ್ಸ್ ಮಾಡಿಸಿ ತಂದಿದ್ದಳು. ಮಕ್ಕಳಿಗೆ ಒಂದೊಂದು, ಮೇಷ್ಟ್ರುಗಳಿಗೂ ಒಂದೊಂದು ಹಾಳೆ. ಒಬ್ಬ ಅಜ್ಜಿ ತನ್ನ ಕೋಳಿಯನ್ನು ಸಂತೆಯಲ್ಲಿ ಮಾರುತ್ತಾಳೆ. ಸಾಯಂಕಾಲ ನೋಡಿದರೆ ಕೋಳಿ ಹೊಸಿಲಲ್ಲಿ ನಿಂತಿದೆ. ಮಾರನೇ ವಾರ ಇನ್ನೂ ದೂರದ ಸಂತೆಯಲ್ಲಿ ಮಾರಿದರೂ ಅದೇ ಕಥೆ. ಅಜ್ಜಿ ಸೋತು ಅದನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾಳೆ. ಕೆಳಗೆ ಒಂದೇ ಪ್ರಶ್ನೆ: ಕೋಳಿ ಯಾಕೆ ವಾಪಸ್ ಬಂತು?

ಅವಳು ಓದಿದಳು, ಮಕ್ಕಳ ಬೆರಳುಗಳು ಸಾಲಿನ ಕೆಳಗೆ ಹರಿದವು. ಮಧ್ಯೆ ಒಮ್ಮೆ ಮಂಡಿಯೊಳಗೆ ಚಳುಕು ಹೊಡೆದು ಕಣ್ಣು ಕತ್ತಲಿಟ್ಟ ಹಾಗಾಯಿತು, ಮೇಜು ಹಿಡಿದು ಸಾವರಿಸಿಕೊಂಡು ಮುಂದುವರಿಸಿದಳು. ಆಮೇಲೆ ಎಲ್ಲರೂ ಒಟ್ಟಿಗೆ ಹೇಳಿದರು. ಕೊನೆಗೆ ಮೇನಕಾ ಎದ್ದಳು.

ಏನು ಓದು ಅಂತೀರಿ! ಒಂದು ಕಡೆಯೂ ತಡವರಿಸಲಿಲ್ಲ. ಅಜ್ಜಿಯ ಮಾತಿಗೆ ಅಜ್ಜಿಯ ದನಿ, ಸಂತೆಯವನ ಮಾತಿಗೆ ಸಂತೆಯವನ ಗತ್ತು. ಬೆರಳು ಸಾಲು ಬಿಟ್ಟು ಅಲ್ಲಾಡಲಿಲ್ಲ. ಹಿಂದಿನ ಬೆಂಚಿನವರು ಕೂಡ ಫೋನು ಕೆಳಗಿಟ್ಟರು. ಪೊನ್ನುಸ್ವಾಮಿ ಕ್ಯಾಮೆರಾದವನಿಗೆ ಹತ್ತಿರ ಹೋಗು ಅಂತ ಕೈಸನ್ನೆ ಮಾಡಿದರು.

"ಸರಿ ಮಾ, ಈಗ ಹೇಳು. ಕೋಳಿ ಯಾಕೆ ವಾಪಸ್ ಬಂತು?" ಸಪ್ಪಲಮ್ಮ ತಮಿಳಿನಲ್ಲಿ ಕೇಳಿದಳು.

ಹುಡುಗಿ ಒಂದು ಗಳಿಗೆ ಯೋಚಿಸಿದಳು. "ಸಾಕಿದ ಕೈ ಮೇಲೆ ಅದಕ್ಕೆ ಪ್ರೀತಿ ಟೀಚರ್. ದುಡ್ಡು ಕೊಟ್ಟವರ ಮನೆ ಅದಕ್ಕೆ ಮನೆ ಅನ್ನಿಸಲಿಲ್ಲ."

ಇಡೀ ಹಾಲ್ ಚಪ್ಪಾಳೆಯಲ್ಲಿ ಮುಳುಗಿತು. ಪೂಂಗೊಡಿ ಕಣ್ಣೊರೆಸಿಕೊಂಡಳು. "ಸೂಪರ್, ಸೂಪರ್!" ಅಂದರು ಪೊನ್ನುಸ್ವಾಮಿ.

ಸಪ್ಪಲಮ್ಮನಿಗೆ ಮಾತ್ರ ಏನೋ ಎಡವಟ್ಟಾದ ಹಾಗೆ ಅನ್ನಿಸಿತು. ಉತ್ತರ ಅದಲ್ಲವಲ್ಲ. ಕಥೆ ಬರೆದವಳು ತಾನು, ತನಗೆ ಗೊತ್ತಿಲ್ಲವೇ? ಹಾಳೆಯ ಮೇಲೆ ಕಣ್ಣಾಡಿಸಿದಳು. ನಡುವೆ ಎರಡು ಸಾಲು ಅಚ್ಚುಕಟ್ಟಾಗಿ ಅಲ್ಲೇ ಇತ್ತು: ಮಂಚದ ಕೆಳಗಿನ ಮಂಕರಿಯಲ್ಲಿ ಆ ಕೋಳಿಯ ಮರಿಗಳು ಇದ್ದವು, ಅಜ್ಜಿಗೆ ಅದು ಗೊತ್ತೇ ಇರಲಿಲ್ಲ. ಮರಿಗಾಗಿ ಬಂದ ಕೋಳಿ ಅದು. ಮೇಜು ಹಿಡಿದುಕೊಂಡಾಗ ಆ ಎರಡು ಸಾಲನ್ನು ತಾನು ಹಾರಿಸಿಬಿಟ್ಟಿದ್ದಳು.

ಸುಸ್ತಿನಲ್ಲಿ ತಾನು ಹಾರಿಸಿದ್ದೇನೋ ಆಯಿತು. ಓದುವವಳು ಯಾಕೆ ಹಾರಿಸಬೇಕು? ಅವಳ ಬೆರಳು ಆ ಸಾಲಿನ ಕೆಳಗೂ ಹರಿದಿತ್ತು. ಬಾಯಿಂದ ಮಾತ್ರ ಒಂದು ಮರಿಯೂ ಹೊರಗೆ ಬಂದಿರಲಿಲ್ಲ. ಎಲ್ಲರೂ ಒಟ್ಟಿಗೆ ಹೇಳಿದಾಗಲೂ ಆ ಸಾಲು ಯಾರ ಬಾಯಿಂದಲೂ ಕೇಳಿಸಿರಲಿಲ್ಲ.

ಊಟದ ಹೊತ್ತಿಗೆ ಅವಳು ಡಬ್ಬಿ ಬಿಚ್ಚಲೇ ಇಲ್ಲ. ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದ ಮೇನಕಾಳನ್ನು ಕರೆದು ಬೇವಿನ ಮರದ ಕಟ್ಟೆಯ ಮೇಲೆ ಕೂರಿಸಿಕೊಂಡಳು. ಹುಡುಗಿಯ ಮನೆಮಾತೂ ಕನ್ನಡ ಅಂತ ಪೂಂಗೊಡಿಯನ್ನು ಕೇಳಿ ತಿಳಿದಿದ್ದಳು, ಹಾಗಾಗಿ ಕನ್ನಡದಲ್ಲೇ, "ಏನವ್ವಾ, ಊಟ ಆಯ್ತಾ?" ಅಂದಳು.

ಹುಡುಗಿಯ ಮುಖ ಅರಳಿತು. "ಅಯ್ಯೋ, ನೀವೂ ನಮ್ಮ ಮಾತಾ ಟೀಚರ್?"

"ಊಂ ಕಣವ್ವಾ. ನಮ್ದು ಮೆಟ್ಟೂರು. ನಿಂಗೆ ಇಷ್ಟು ಚೆನ್ನಾಗಿ ಏಳಾಕೆ ಯಾರು ಕಲ್ಸಿದ್ರು?"

"ನಮ್ಮ ತಾತ. ಮಾದಪ್ಪ ಅಂತ. ಬೆಟ್ಟದ ದೇವ್ರಿಗೆ ನಡ್ಕೊಂಡು ಓಗೋರ್ ಜೊತೆ ರಾತ್ರಿಯೆಲ್ಲ ಪದ ಏಳ್ಕೊಂಡು ಓಯ್ತಾರೆ. ಸಣ್ಣೋಳಾಗಿದ್ದಾಗಿಂದ ಅವ್ರ ಇಂದೆ ನಾನೂ ಏಳ್ತೀನಿ. ಒಂದ್ಸಲ ಕಿವಿಗೆ ಬಿದ್ರೆ ಸಾಕು, ನಂಗೆ ಬಂದ್ಬುಡ್ತೈತೆ."

ಸಪ್ಪಲಮ್ಮ ಚೀಲದಿಂದ ಬೇರೊಂದು ಹಾಳೆ ತೆಗೆದಳು. ಅದರಲ್ಲಿ ಇನ್ನೊಂದು ಕಥೆ ಇತ್ತು, ಮೂರನೇ ಕ್ಲಾಸಿನವರಿಗೆ ಬರೆದದ್ದು. "ಇದನ್ನ ಓದವ್ವಾ."

ಮೇನಕಾ ಬೆರಳನ್ನು ಮೊದಲ ಸಾಲಿನ ಕೆಳಗಿಟ್ಟು ತಯಾರಾಗಿ ಕೂತಳು. ಕೂತೇ ಇದ್ದಳು. ಆಮೇಲೆ ವಿನಯವಾಗಿ, "ನೀವು ಒಂದ್ಸಲ ಓದ್ರಿ ಟೀಚರ್, ಆಮೇಲೆ ನಾನು ಓದ್ತೀನಿ" ಅಂದಳು.

"ನಾನು ಓದಲ್ಲ. ನೀನೇ ನೋಡಿ ಏಳು."

"ಯಾರೂ ಏಳ್ದೇ ಎಂಗೆ ಗೊತ್ತಾಗ್ತೈತೆ?" ಹುಡುಗಿ ನಕ್ಕಳು. ಅವಳ ನಗುವಿನಲ್ಲಿ ಕಳ್ಳತನ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಟೀಚರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದಳು. "ನಮ್ಮ ಕ್ಲಾಸಲ್ಲಿ ಬೇರೇರೆಲ್ಲ ಎರಡ್ಮೂರು ಸಲ ಕೇಳ್ಸ್ಕೋಬೇಕು. ಅವ್ರು ಕಿವಿ ಕೊಡಾಕಿಲ್ಲ, ಅದಕ್ಕೆ ಓದು ಬರಾಕಿಲ್ಲ ಅವ್ರಿಗೆ."

"ಅಂಗಾದ್ರೆ ಈ ಬರ್ದಿರೋದೆಲ್ಲ ಯಾತಕ್ಕವ್ವಾ ಇರೋದು?"

"ಬೆರಳು ಮಡಗಾಕೆ," ಅಂದಳು ಮೇನಕಾ.

ಕದ್ದು ಮುಚ್ಚಿ ಮೋಸ ಮಾಡುವ ಮಕ್ಕಳನ್ನು ಸಪ್ಪಲಮ್ಮ ಬೇಕಾದಷ್ಟು ಕಂಡಿದ್ದಳು. ಇದು ಅಂಥ ಕೇಸಲ್ಲ. ಈ ಹುಡುಗಿ ಎಂಟು ಕ್ಲಾಸು ದಾಟಿ ಬಂದು, ಓದು ಅಂದರೆ ಇದೇ ಅಂತ ನಂಬಿದ್ದಳು. ನಂಬಿಸಿದವರು ಯಾರು? ಟೀಚರು ಮೊದಲು ಹೇಳಬೇಕು, ಮಗು ಬೆರಳಿಟ್ಟು ಆಮೇಲೆ ಹೇಳಬೇಕು ಅಂತ ಊರೂರಿಗೆ ಸಾರಿದವರು ಯಾರು? ಅಯ್ಯೋ ದೇವರೇ, ಇಂಥವರು ಇನ್ನೆಷ್ಟು ಜನ ಇದ್ದಾರೋ.

ಒಂದೊಂದೇ ಅಕ್ಷರ ತೋರಿಸಿದರೆ ಹುಡುಗಿ ಹೇಳಿದಳು. ಎರಡು ಕೂಡಿಸಿದರೆ ಟೀಚರ ಬಾಯಿ ನೋಡಿದಳು. ಎಂಟನೇ ಕ್ಲಾಸಿನವರೆಗೆ ಯಾರನ್ನೂ ಫೇಲು ಮಾಡುವ ಹಾಗಿಲ್ಲ, ಪರೀಕ್ಷೆಯಲ್ಲಿ ಪಕ್ಕದವಳ ಪೇಪರು ನೋಡಿ ಇದ್ದದ್ದನ್ನು ಇದ್ದ ಹಾಗೆ ಇಳಿಸಿಬಿಟ್ಟಿದ್ದಾಳೆ. ಬರುವ ವರ್ಷ ಹತ್ತನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ. ಅಲ್ಲಿ ಮೊದಲು ಓದಿ ಹೇಳುವವರು ಯಾರೂ ಇರುವುದಿಲ್ಲ, ಪಕ್ಕದಲ್ಲಿ ಗೆಳತಿಯೂ ಇರುವುದಿಲ್ಲ.

ಸಪ್ಪಲಮ್ಮ ಬೆಳಗಿನ ಕೋಳಿ ಕಥೆಯ ಹಾಳೆಯಲ್ಲಿ ಆ ಎರಡು ಸಾಲನ್ನು ತೋರಿಸಿದಳು. "ನೋಡು, ಕೋಳಿ ಯಾಕೆ ವಾಪಸ್ ಬಂತು ಅಂತ ಇಲ್ಲಿ ಐತೆ. ಬೆಳಗ್ಗೆ ನಾನು ಇದನ್ನ ಓದಾಕೆ ಮರೆತುಬಿಟ್ಟೆ. ನಾನು ಬಿಟ್ಟಿದ್ದಕ್ಕೆ ನೀನೂ ಬಿಟ್ಟೆ. ಓದೋದು ಅಂದ್ರೆ ಕೇಳಿದ್ದನ್ನ ಏಳೋದಲ್ಲ ಕಣವ್ವಾ."

ಹುಡುಗಿ ಹಾಳೆ ಇಸಿದುಕೊಂಡು ಆ ಸಾಲುಗಳನ್ನು ಬಹಳ ಹೊತ್ತು ನೋಡಿದಳು. ಮುಖದ ನಗು ಇಳಿಯುತ್ತ ಬಂತು. "ಏನ್ ಐತೆ ಇದ್ರಲ್ಲಿ?" ಅಂದಳು. ಹೇಳಬೇಕೋ ಬೇಡವೋ ಅಂತ ಸಪ್ಪಲಮ್ಮ ಯೋಚಿಸುವಷ್ಟರಲ್ಲಿ ಬೆಲ್ಲು ಹೊಡೆಯಿತು. ಮೇನಕಾ ಹಾಳೆ ಮಡಚಿಕೊಂಡು ಹಿಂತಿರುಗಿ ನೋಡದೆ ಹೋದಳು.

ಹೆಡ್‌ಮಾಸ್ಟರ ರೂಮಿನಲ್ಲಿ ಪೊನ್ನುಸ್ವಾಮಿ ವಿಡಿಯೋವನ್ನು ಇನ್ನೊಮ್ಮೆ ನೋಡುತ್ತ ಕೂತಿದ್ದರು. "ಬನ್ನಿ ಮೇಡಂ, ಬನ್ನಿ. ಈ ಹುಡುಗಿ ಏನು ಓದ್ತಾಳೆ! ಇವತ್ತು ಸಾಯಂಕಾಲವೇ ಕಳಿಸ್ತೀನಿ."

"ಕಳಿಸಬೇಡಿ ಸಾರ್."

ಅವಳು ನಡೆದದ್ದನ್ನು ಹೇಳಿದಳು. ಎರಡು ಸಾಲು ಹಾರಿದ್ದು, ಹುಡುಗಿಗೆ ಓದು ಬರದಿರುವುದು, ತನ್ನ ಪದ್ಧತಿಯಲ್ಲಿ ಅದು ಯಾರಿಗೂ ಕಾಣದಿರುವುದು, ಎಲ್ಲವನ್ನೂ. ಪೊನ್ನುಸ್ವಾಮಿ ಕೆಟ್ಟ ಮನುಷ್ಯ ಅಲ್ಲ. ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದರು. "ಮೇಡಂ, ಎರಡು ಸಾಲು ತಾನೆ. ಯಾರಿಗೆ ಗೊತ್ತಾಗುತ್ತೆ? ಇಷ್ಟು ಜನ ಇದ್ರು, ಒಬ್ಬರಾದ್ರೂ ಕೇಳಿದ್ರಾ? ನಾನೇ ಎರಡು ಸಲ ನೋಡಿದೆ, ನನಗೂ ಗೊತ್ತಾಗಲಿಲ್ಲ."

"ಅದೇ ಸಾರ್ ನನ್ನ ಕಷ್ಟ."

"ವಿಡಿಯೋ ಹೋಗದಿದ್ರೆ ಆ ಸೀಟು ಬೇರೆಯವರಿಗೆ ಹೋಗುತ್ತೆ. ಆಮೇಲೆ ನನ್ನ ಕೇಳಬೇಡಿ."

ಸುಳ್ಳು ಯಾಕೆ ಹೇಳಬೇಕು, ಆ ಗಳಿಗೆಯಲ್ಲಿ ಸಪ್ಪಲಮ್ಮನಿಗೆ ಕಳಿಸಿಬಿಡಿ ಅನ್ನಬೇಕು ಅಂತ ತುಂಬ ಆಸೆಯಾಯಿತು. ಮನೆಯಿಂದ ನಡೆದು ಹೋಗುವ ದಾರಿ, ಮಧ್ಯಾಹ್ನ ಮನೆಗೇ ಬಂದು ಬಿಸಿ ಅನ್ನ, ಫ್ಯಾನಿನ ಕೆಳಗೆ ಕುರ್ಚಿ. ಆದರೆ ವಿಡಿಯೋ ಹೋಯಿತೆಂದರೆ ಸಾವಿರ ಸ್ಕೂಲಿಗೆ ಹೋಗುತ್ತೆ, ಸಾವಿರ ಸ್ಕೂಲಲ್ಲಿ ಮಕ್ಕಳು ಬೆರಳು ಮಡಗಿ ಕೂರುತ್ತಾರೆ.

"ಬೇಡ ಸಾರ್," ಅಂದಳು.

"ನಿಮ್ಮಿಷ್ಟ. ಮಂಡಿ ನಿಮ್ಮದು," ಅಂದು ಅವರು ಕನ್ನಡಕ ಹಾಕಿಕೊಂಡರು.

ಮಧ್ಯಾಹ್ನದ ಕ್ಲಾಸಿಗೆ ಬಂದಾಗ ಅವಳಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಅವಳಿಗೇ ಗೊತ್ತಿರಲಿಲ್ಲ. ಅನ್ನ ಸಾಂಬಾರು ಉಂಡು ತೂಕಡಿಸುತ್ತಿದ್ದವರನ್ನು ಎಬ್ಬಿಸಿ, "ಕೋಳಿ ಯಾಕೆ ವಾಪಸ್ ಬಂತು? ನೀವು ಹೇಳಿ" ಅಂತ ಕೇಳಿದಳು.

"ಸಾಕಿದವರ ಮೇಲೆ ಪ್ರೀತಿ ಮೇಡಂ," ಅಂದರು ಮುಂದಿನ ಸಾಲಿನ ಕುಪ್ಪುಸ್ವಾಮಿ ಮೇಷ್ಟ್ರು. ಅವರು ಈ ಕಡೆಯ ಹಿರಿಯರು. ಸುತ್ತಲಿನವರೆಲ್ಲ ಹೌದೌದು ಅಂತ ತಲೆಯಾಡಿಸಿದರು.

"ನಿಮ್ಮ ಕೈಯಲ್ಲಿ ಹಾಳೆ ಇದೆಯಲ್ಲ, ನೋಡಿ."

ಸರಬರ ಸದ್ದಾಯಿತು. ಒಬ್ಬರ ಹಾಳೆ ಬೆಂಚಿನ ಕೆಳಗಿತ್ತು, ಇನ್ನೊಬ್ಬರ ಹಾಳೆಯ ಮೇಲೆ ವಡೆಯ ಎಣ್ಣೆ. ಆಮೇಲೆ ಸದ್ದು ನಿಂತಿತು. ಕುಪ್ಪುಸ್ವಾಮಿ ಮೇಷ್ಟ್ರು ತಲೆಯೆತ್ತಿ, "ಮರಿ ಇದ್ವಾ!" ಅಂದರು, ಚಿಕ್ಕ ಹುಡುಗನ ಥರ.

"ಇದ್ವು ಸಾರ್. ಬೆಳಗ್ಗೆ ನಾನು ಆ ಸಾಲು ಬಿಟ್ಟುಬಿಟ್ಟೆ. ನೀವು ಯಾರೂ ಓದಲಿಲ್ಲ, ನನ್ನ ಬಾಯಿ ಕೇಳ್ತಾ ಕೂತಿದ್ರಿ. ಕಲಿತ ನಾವೇ ಹಿಂಗೆ, ಇನ್ನು ಮಕ್ಕಳು ಏನು ಮಾಡ್ತಾರೆ? ನಾನು ಹೇಳಿಕೊಟ್ಟಿದ್ದು ಕೇಳೋದನ್ನ, ಓದೋದನ್ನಲ್ಲ. ನಾಳೆಯಿಂದ ಮೊದಲು ಮಗು ಓದ್ಲಿ. ತಪ್ಪಲಿ, ತಡವರಿಸಲಿ. ನೀವು ಬಾಯಿ ಮುಚ್ಕೊಂಡು ಕಾಯಿರಿ."

ಹಿಂದಿನ ಬೆಂಚಿನಿಂದ ಯಾರೋ, "ಟ್ರೈನಿಂಗ್ ಮಾಡ್ಯೂಲ್ ಪುಸ್ತಕದಲ್ಲಿ ಹೀಗಿಲ್ವಲ್ಲ ಮೇಡಂ?" ಅಂದರು. ಇನ್ಯಾರೋ ಟೀ ಎಷ್ಟೊತ್ತಿಗೆ ಅಂತ ಕೇಳಿದರು. ಸಪ್ಪಲಮ್ಮ ಕುರ್ಚಿಯ ಮೇಲೆ ಕುಸಿದು ಕೂತಳು. ಆದರೆ ಪೂಂಗೊಡಿ ಹಾಳೆಯನ್ನೇ ನೋಡುತ್ತ ಬಿಳಿಚಿಕೊಂಡಿದ್ದಳು. ಬೆಳಗ್ಗೆ ಮೇನಕಾ ಓದಿದ್ದರಲ್ಲೂ ಆ ಸಾಲು ಇರಲಿಲ್ಲ ಅನ್ನುವುದು ಅವಳಿಗೆ ಹೊಳೆದಿತ್ತು. ಏನೋ ಹೇಳಲು ಬಾಯಿ ತೆರೆದಳು. ಎಲ್ಲರೆದುರಿಗೆ ಬೇಡ ಅಂತ ಸಪ್ಪಲಮ್ಮ ಕಣ್ಣಲ್ಲೇ ತಡೆದಳು.

ಸಾಯಂಕಾಲ ಸ್ಕೂಲು ಬಿಟ್ಟು ಎಲ್ಲರೂ ಹೋದ ಮೇಲೆ ಅವರಿಬ್ಬರೂ ಗೇಟಿನ ಕಡೆ ನಡೆದರು. ಪೂಂಗೊಡಿ ಸ್ಕೂಟಿ ತಳ್ಳಿಕೊಂಡು ಬರುತ್ತ, "ನನಗೆ ತಿಳಿದಿದ್ದೇ ಅಷ್ಟು ಮೇಡಂ. ನೀವು ಹೇಳಿಕೊಟ್ಟ ಹಾಗೇ ಮಾಡಿದೆ" ಅಂದಳು. ಅದರಲ್ಲಿ ದೂರು ಇರಲಿಲ್ಲ, ಇದ್ದಿದ್ದರೆ ಸಪ್ಪಲಮ್ಮನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಗೇಟಿನ ಪಕ್ಕದ ಕಲ್ಲಿನ ಮೇಲೆ ಮೇನಕಾ ಕೂತಿದ್ದಳು. ಹಾಳೆ ತೊಡೆಯ ಮೇಲಿತ್ತು. ಮಡಚಿ ಬಿಚ್ಚಿ ಅದರ ಮಡಿಕೆ ಹರಿಯುವುದಕ್ಕೆ ಬಂದಿತ್ತು. ಬೆರಳು ಆ ಎರಡು ಸಾಲಿನ ಮೊದಲ ಅಕ್ಷರದ ಕೆಳಗೆ ನಿಂತಿತ್ತು. ಇವರನ್ನು ಕಂಡವಳೇ ಎದ್ದು ನಿಂತಳು.

"ಯಾರ್ನೂ ಕೇಳಿಲ್ಲ ಟೀಚರ್. ನಾನೇ ನೋಡ್ತಾ ಇದ್ದೆ. ಒಂದೊಂದೇ ಅಕ್ಷರ ಏಳ್ತೀನಿ, ಮುಂದಿನದಕ್ಕೆ ಓಗೋಷ್ಟ್ರಲ್ಲಿ ಇಂದಿನದು ಓಯ್ತದೆ. ಕೋಳಿ ಯಾಕೆ ಬಂತು, ಏಳ್ರಿ."

ಸಪ್ಪಲಮ್ಮನ ಬಾಯಿಯ ತುದಿಗೆ ಬಂದಿತ್ತು. ಮಂಕರಿ, ಮರಿ, ಎರಡೇ ಮಾತು. ಹೇಳಿದರೆ ಹುಡುಗಿ ಅದನ್ನೂ ಬಾಯಿಪಾಠ ಮಾಡಿ ನಾಳೆ ಚೆಂದವಾಗಿ ಓದಿಬಿಡುತ್ತಾಳೆ. ಅವಳು ಹಲ್ಲು ಕಚ್ಚಿಕೊಂಡಳು. "ಏಳಾಕಿಲ್ಲ ಕಣವ್ವಾ. ನೀನೇ ಓದ್ಬೇಕು."

ಕಂಬೈನಲ್ಲೂರಿನ ಕಡೆ ಹೋಗುವ ಶೇರ್ ಆಟೋ ಬಂದು ನಿಂತಿತು. ಅದು ತಪ್ಪಿದರೆ ಧರ್ಮಪುರಿ ಬಸ್ಸು ತಪ್ಪುತ್ತೆ, ಆ ಬಸ್ಸು ತಪ್ಪಿದರೆ ಮೆಟ್ಟೂರು ಸೇರುವುದು ಎಷ್ಟೊತ್ತಿಗೋ. ಆಟೋದವನು ಹಾರ್ನು ಬಾರಿಸಿದ. ಸಪ್ಪಲಮ್ಮ ಅವನಿಗೆ ಹೋಗು ಅಂತ ಕೈ ಬೀಸಿದಳು. ಸೊಂಟ ಹಿಡಿದುಕೊಂಡು ಆ ಕಲ್ಲಿನ ಮೇಲೆ ಕೂತು, ಪಕ್ಕದಲ್ಲಿ ಜಾಗ ಮಾಡಿದಳು. ಪೂಂಗೊಡಿ ಸ್ಕೂಟಿಗೆ ಸ್ಟ್ಯಾಂಡ್ ಹಾಕಿ ಬಂದು ಹಿಂದೆ ನಿಂತಳು.

"ಬಾ, ಕೂತ್ಕೋ. ಮೊದ್ಲಿಂದ ಶುರು ಮಾಡಾಣ. ಶನಿವಾರ ಮತ್ತೆ ಬತ್ತೀನಿ, ಅದರ ಮುಂದಿನ ಶನಿವಾರನೂ ಬತ್ತೀನಿ."

ಮೇನಕಾ ಕೂರಲಿಲ್ಲ. ಬೆಳಗ್ಗೆ ಇಡೀ ಹಾಲ್ ಅನ್ನು ಮಂತ್ರ ಹಾಕಿದ ಹಾಗೆ ಹಿಡಿದಿಟ್ಟಿದ್ದ ಆ ದನಿ ಈಗ ಒಡೆದುಹೋಗಿತ್ತು.

"ಬೆಳಗ್ಗೆವರ್ಗೂ ನಂಗೆ ಓದಾಕೆ ಬತ್ತಿತ್ತು ಟೀಚರ್," ಅಂದಳು. "ನೀವು ಬಂದ್ ಮೇಲೆ ಓಯ್ತು."

ಸಪ್ಪಲಮ್ಮ ಊಂ ಅಂದಳು. ಪಕ್ಕದ ಕಲ್ಲಿನ ಧೂಳನ್ನು ಸೆರಗಿನಿಂದ ಒರೆಸಿ, ಅವಳಿಗೆ ಜಾಗ ತೋರಿಸಿದಳು.